ಜಗಳವಲ್ಲ, ಒಂದು ತಕರಾರು

ಬನಹಟ್ಟಿಯ ನಮ್ಮ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಪಡಸಾಲೆಗೆ ಅಂಟಿಕೊಂಡೇ ಪವರ್‌ಲೂಮ್ ಮಗ್ಗಗಳು. ಅವುಗಳ ಖಟಪಟದ ಮೇಲೆ ಮಾತನ್ನು ಎತ್ತಿ ದಾಟಿಸದ ಹೊರತು ಚಹಾ ಬೇಕೋ ಬೇಡವೋ ಎಂಬುದೂ ತಿಳಿಯದು. ಹೀಗಾಗಿ ನಮ್ಮ ಯಜಮಾನರಿಗೆ ಮೆಲುದನಿಯೆಂಬುದು ದೇವರು ಕೊಟ್ಟಿದ್ದರೂ ಬಳಸದೆ ತುಕ್ಕು ಹಿಡಿದ ವಸ್ತು.

ಇಂಥ ಮನೆಯಲ್ಲಿ ನಾಲ್ಕನೆಯ ತರಗತಿಯ ನಮ್ಮ ಸುಧಾ ಮಂಕಾಗತೊಡಗಿದಳು. ಶಾಲೆಗೆ ಒಯ್ದ ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ಮರಳುತ್ತಿತ್ತು. ಒಂದು ದಿನ ಮೂತ್ರಕ್ಕೆ ಹೋದರೆ ಉರಿಯುತ್ತದೆಂದು ಅತ್ತಳು. ಡಾಕ್ಟರ ಬಳಿ ಒಯ್ದರೆ, ನೀರು ಕುಡಿಯದೆ, ಮೂತ್ರ ತಡೆದು ಹೀಗಾಗಿದೆ ಎಂದರು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು: ಪಾಠದ ನಡುವೆ ಹೊರಗೆ ಹೋಗಲು ಕೇಳಿದ್ದಕ್ಕೆ ಅಕ್ಕೋರು, ಅಂದರೆ ಅವಳ ಶಿಕ್ಷಕಿ, ಎಲ್ಲರೆದುರು ನಿಲ್ಲಿಸಿ ಬೈದಿದ್ದರು. ಅಂದಿನಿಂದ ಕೂಸು ನೀರನ್ನೇ ಬಿಟ್ಟಿತ್ತು.

ಯಜಮಾನರು ಮರುದಿನವೇ ಹೋಗಿ ತರಗತಿಯ ಬಾಗಿಲಲ್ಲಿ ನಿಂತರು. "ಅಕ್ಕೋರ, ಒಂದೀಟು ಮಾತಾಡೂದೈತ್ರಿ." ಇಷ್ಟೇ ಮಾತು; ಆದರೆ ಮಗ್ಗದ ಮನೆಯ ದನಿ.

"ಜಗಳಾಡಾಕ ಬಂದೀರೇನ್ರೀ?" ಎಂದರು ಅಕ್ಕೋರು.

"ಇಲ್ರೀ, ನಾ ಸಾವಕಾಶನ ಮಾತಾಡಾಕತ್ತೇನ್ರಿ!"

ಆ ಸಾವಕಾಶ ಪಕ್ಕದ ತರಗತಿಗೂ ಕೇಳಿಸಿ ಮಕ್ಕಳೆಲ್ಲ ನಕ್ಕರು. ವಿಷಯ ಬಾಯಿಗೆ ಬರುವ ಮೊದಲೇ ಇವರು ತಿರುಗಿ ಬಂದರು. ಸಂಜೆ ಸುಧಾ ಚೀಲ ಎಸೆದು, "ಇನ್ನ ಯಾರೂ ನಮ್ಮ ಸಾಲಿಗಿ ಬರಬ್ಯಾಡ್ರಿ. ಅಕ್ಕೋರು ನನ್ನ ಮ್ಯಾಲ ಸಿಟ್ಟ ತೀರಿಸ್ಕೋತಾರ," ಎಂದಳು.

ನೋಡಿ, ಹೆತ್ತವರ ನಾಲಿಗೆಯನ್ನು ಕಟ್ಟಿಹಾಕುವುದು ಈ ಅಂಜಿಕೆಯೇ. ಹೇಳದಿದ್ದರೆ ಕೂಸು ನವೆಯುತ್ತದೆ. ಹೇಳಿದರೆ ಅದರ ಬಿಸಿಯೂ ಕೂಸಿಗೇ ತಟ್ಟೀತು. ಆದರೂ, ನೇಯುವಾಗ ಎಳೆ ಹರಿದರೆ ನಾವೇನು ಮಗ್ಗವನ್ನು ಬೈಯುತ್ತ ಕೂರುತ್ತೇವೆಯೇ? ನಿಲ್ಲಿಸಿ, ಹರಿದ ಜಾಗ ಹುಡುಕಿ, ಗಂಟು ಹಾಕಿ ಮುಂದೆ ಸಾಗುತ್ತೇವೆ.

ಶಾಲೆ ಬಿಟ್ಟ ಮೇಲೆ ನಾನೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆ. ಬೆನ್ನ ಹಿಂದಿನ ಮಾತಾಗಬಾರದೆಂದು ಅಕ್ಕೋರನ್ನೂ ಕರೆಸಲು ಕೇಳಿಕೊಂಡೆ. ನೀವು ಕೆಟ್ಟವರು ಎನ್ನಲಿಲ್ಲ. ನಡೆದದ್ದನ್ನು ನಡೆದ ಹಾಗೆ, ಡಾಕ್ಟರು ಅಂದದ್ದನ್ನು ಅಂದ ಹಾಗೆ ಹೇಳಿದೆ. ಕಡೆಗೆ, "ನಾ ತಕರಾರು ಮಾಡಿದ್ದಕ್ಕ ಕೂಸಿನ ಮ್ಯಾಲ ಸಿಟ್ಟ ಆಗಬಾರದ್ರಿ," ಎಂದುಬಿಟ್ಟೆ.

ಅಕ್ಕೋರು ಮುಖ್ಯೋಪಾಧ್ಯಾಯಿನಿಯತ್ತ ತಿರುಗಿದರು. "ಒಬ್ಬಾಕಿನ್ನ ಬಿಟ್ರ ಹತ್ತ ಮಂದಿ ಎದ್ದ ನಿಂದರ್ತಾರ್ರಿ. ಆದ್ರ ಹುಡುಗಿ ನೀರ ಕುಡಿಯೂದು ಬಿಟ್ಟಾಳಂತ ನನಗ ಖರೇನ ಗೊತ್ತಿರಲಿಲ್ರಿ."

"ಹತ್ತ ಮಂದಿ ಎದ್ರ ಏಳಲಿ ಬಿಡ್ರಿ, ಹೋಗಿ ಬರ್ಲಿ," ಎಂದರು ಮುಖ್ಯೋಪಾಧ್ಯಾಯಿನಿ.

ಸುಧಾಳ ಉರಿ ಇಳಿಯಿತು. ಅಕ್ಕೋರು ಕೂಸಿನ ಮೇಲೆ ಸಿಟ್ಟಿಟ್ಟುಕೊಂಡಾರೆಂಬ ನನ್ನ ಅಂಜಿಕೆ ಮಾತ್ರ ಉಳಿದಿತ್ತು. ಕೆಲವು ದಿನಗಳ ಮೇಲೆ ಸಂತೆಯಲ್ಲಿ ಅಕ್ಕೋರು ಎದುರಾದಾಗ ನಾನು ಕಾಯಿಪಲ್ಲೆ ಆರಿಸುವ ನೆಪದಲ್ಲಿ ಬಗ್ಗಿದೆ. ಅವರೇ ಹತ್ತಿರ ಬಂದರು.

"ಸುಧಾನ ಅವ್ವಾರ, ನಿಮ್ಮ ಮಗಳ ಬಾಯಿಗಿ ಬೀಗ ಇಲ್ಲೇನ್ರೀ? ಎಲ್ಲಿ ಕುಂದರಿಸಿದ್ರೂ ಅಲ್ಲೊಬ್ಬಾಕಿ ಗೆಳತಿ ಹುಟ್ಟತಾಳ, ಹರಟಿ ಸುರು! ನೀವರೆ ಒಂದೀಟು ಹೇಳ್ರಿ."

"ಹೇಳ್ತೇನ್ರಿ," ಎಂದೆ. ಮಂಕಾಗಿದ್ದ ಕೂಸಿನ ಮೇಲಿನ ಆ ತಕರಾರನ್ನು ಪೇಢೆಯ ಹಾಗೆ ಬಾಯಲ್ಲೇ ಇಟ್ಟುಕೊಂಡು ಮನೆಯತನಕ ನಡೆದೆ. ಬೈಯುವುದು ನಾಳೆಗಿರಲಿ ಎನ್ನಿಸಿತು.