ನೀರು ಬಿಟ್ಟ ಶನಿವಾರಗಳು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಆ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಲೇಬೇಕು. ನನ್ನ ಗಂಟಲು ದೊಡ್ಡದಾಗಿದ್ದು ಹಾಗೇ ಇರಬೇಕು. ಶನಿವಾರ ಸಂಜೆ ಬೀದಿಯ ರಾಮಮಂದಿರದ ಭಜನೆಯಲ್ಲಿ ಮೇಲಕ್ಕೆ ಎತ್ತಿ ಹಾಡುವ ಸಾಲು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೆಚ್ಚು ಓದದ ನನಗೆ ದೇವರು ಕೊಟ್ಟ ಒಂದೇ ಒಡವೆ ಅದು.

ಕೊನೆಯ ಹೆರಿಗೆಯಾದಾಗಿನಿಂದಲೂ ಕೆಮ್ಮಿದರೆ, ಬಿಂದಿಗೆ ಎತ್ತಿದರೆ ಒಂದೆರಡು ಹನಿ ಜಾರುತ್ತಿತ್ತು. ಹೆಂಗಸರ ಪಾಡೇ ಇಷ್ಟು ಎಂದು ಸುಮ್ಮನಿದ್ದೆ. ಐವತ್ತು ದಾಟಿದ ಮೇಲೆ ಒಂದು ಶನಿವಾರ ಆ ಮೇಲಿನ ಸಾಲನ್ನು ಎತ್ತಿದ್ದೇ ತಡ, ಕೆಳಗೆ ಬೆಚ್ಚಗೆ ಒದ್ದೆಯಾಯಿತು. ಉಟ್ಟಿದ್ದು ಮಡಿ ಸೀರೆ, ಕೂತಿದ್ದು ದೇವರ ಮುಂದಿನ ಜಮಖಾನ. ಮಂಗಳಾರತಿಗೂ ನಿಲ್ಲದೆ, ಸೆರಗನ್ನು ಹಿಂದಕ್ಕೆ ಸುತ್ತಿಕೊಂಡು ಮನೆಗೆ ಬಂದುಬಿಟ್ಟೆ.

ಆಮೇಲಿನ ಕೆಲವು ಶನಿವಾರ ಮಂಡಿನೋವೆಂದು ಹೇಳಿ ಜಗಲಿಯ ಮೇಲೇ ಕೂತೆ. ಮಂದಿರದಿಂದ ತಾಳ ಕೇಳುತ್ತಿತ್ತು, ಹಾಡು ಯಾವುದೆಂದು ತಿಳಿಯುತ್ತಿರಲಿಲ್ಲ. ಆದರೂ ತುಟಿ ಅಲ್ಲಾಡುತ್ತಿತ್ತು. ತಡೆಯಲಾರದೆ ಒಂದು ಉಪಾಯ ಹೂಡಿದೆ. ನೀರು ಕುಡಿದರೆ ತಾನೇ ಈ ಫಜೀತಿ? ಶನಿವಾರ ಹೇಗೂ ನನಗೆ ಒಪ್ಪತ್ತು. ಅದರ ಜೊತೆ ಬೆಳಗಿನಿಂದ ನೀರನ್ನೂ ಬಿಟ್ಟು ಮತ್ತೆ ಭಜನೆಗೆ ಹೋದೆ. ಬಿಟ್ಟಿದ್ದು ಭಯಕ್ಕೆ, ಬೀದಿಯವರು ತಿಳಿದದ್ದು ಭಕ್ತಿಯೆಂದು.

"ನಮ್ಮಕ್ಕ ತೊಟ್ಟು ನೀರೂ ಮುಟ್ಟಲ್ಲ ಕಣ್ರೇ. ನಮ್ ಕೈಲಾಗುತ್ತಾ?" ಎಂದು ನನ್ನ ಮೈದುನನ ಹೆಂಡತಿ, ಓರಗಿತ್ತಿಯೇ, ಸಾರಿಕೊಂಡು ಬಂದಳು. ಕಾಲಿಗೆ ಬೀಳಲು ಬಂದವರೂ ಇದ್ದರು. ನನಗೋ ಬಾಯಿ ಒಣಗಿ ಸ್ವರವೇ ಹೊರಡದು. ಉರಿಮೂತ್ರ, ಮಲಬದ್ಧತೆ ಬೇರೆ ಸೇರಿಕೊಂಡವು. ಹನಿ ನಿಲ್ಲುವುದಿರಲಿ, ಬಚ್ಚಲು ಮುಟ್ಟುವಷ್ಟರಲ್ಲೇ ಆಗಿಹೋಗುತ್ತಿತ್ತು. ಭಜನೆ ಮತ್ತೆ ತಪ್ಪಿತು.

ಕೊನೆಗೆ ಓರಗಿತ್ತಿಗೇ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕಾ, ನಿಮ್ಮನ್ನ ನೋಡಿ ನಾನೂ ನೀರು ಬಿಟ್ಟು ತಲೆ ಸುತ್ತಿ ಬಿದ್ನಲ್ಲ! ನಡೀರಿ ಆಸ್ಪತ್ರೆಗೆ."

ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿ ಹೇಳಿದರು. "ನೀರು ಬಿಟ್ರೆ ಮೂತ್ರ ಗಟ್ಟಿಯಾಗಿ ಚೀಲ ಉರಿಯುತ್ತೆ, ಇನ್ನೂ ಅವಸರ ಆಗುತ್ತೆ. ದಿನವಿಡೀ ಸ್ವಲ್ಪ ಸ್ವಲ್ಪ ಕುಡೀರಿ. ಕಾಫಿ ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲಮ್ಮ."

"ಹಾಗಾದ್ರೆ ಅಲ್ಲಿಂದಾನೇ ಶುರು ಮಾಡೋಣ."

ಆಮೇಲೆ ವ್ಯಾಯಾಮ. "ನಾಕು ಜನರ ಮಧ್ಯೆ ಗ್ಯಾಸ್ ಬಂದ್ರೆ ಹೇಗೆ ತಡ್ಕೋತೀರ? ಹಾಗೇ ಒಳಕ್ಕೆ ಎಳ್ಕೊಂಡು ಹಿಡೀರಿ. ಬಿಡಿ. ಮತ್ತೆ ಹಿಡೀರಿ. ಉಸಿರು ಮಾತ್ರ ಕಟ್ಬೇಡಿ."

ದೇವರ ಕೋಣೆಯಲ್ಲೇ ಅಭ್ಯಾಸ ಮಾಡಿದೆ. ಹಿಡಿಯುವಾಗ ರಾಮ, ಬಿಡುವಾಗ ರಾಮ. ಹೊಟ್ಟೆ ಕಟ್ಟದಂತೆ ಮುದ್ದೆಯ ಜೊತೆ ಸೊಪ್ಪು ಹೆಚ್ಚಿಸಿದೆ, ಸಾರಿಗೆ ಖಾರ ಇಳಿಸಿದೆ, ತುಂಬಿದ ಬಿಂದಿಗೆ ಎತ್ತುವುದನ್ನು ಬಿಟ್ಟೆ. ಬಂತು ಎಂದ ಕೂಡಲೇ ಓಡದೆ, ಹೊತ್ತು ಹೊತ್ತಿಗೆ ಹೋಗಿಬರುವುದನ್ನು ಕಲಿತೆ. ಕಾಫಿ ಬೆಳಗ್ಗೆ ಒಂದೇ ಲೋಟ. ಮಧ್ಯಾಹ್ನ ಪಕ್ಕದ ಮನೆಯಿಂದ ಡಿಕಾಕ್ಷನ್ ವಾಸನೆ ಬಂದರೆ ಇವತ್ತಿಗೂ ಕೈಕೆಲಸ ನಿಂತುಹೋಗುತ್ತದೆ. ಗುಣ ಕಾಣಲು ತಿಂಗಳುಗಳೇ ಬೇಕಾದವು. ಕೆಮ್ಮಿದರೂ ಸೀರೆ ಒಣಗಿಯೇ ಉಳಿದ ಮೊದಲ ದಿನ ತುಪ್ಪದ ದೀಪ ಹಚ್ಚಿದೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅದೂ ಅವನ ದಯೆ.

ಜೋರಾಗಿ ಹಾಡುವಾಗ ಹನಿ ಜಾರಿದರೆ ಇರಲಿ ಎಂದು ಡಾಕ್ಟರಮ್ಮ ಪ್ಯಾಡ್ ಕೊಟ್ಟಿದ್ದರು. ಆದರೂ ಮಂದಿರಕ್ಕೆ ಹೋಗಲು ಕಾಲು ಏಳಲಿಲ್ಲ. "ಪ್ಯಾಡ್ ಇಟ್ಕೊಂಡು ದೇವರ ಮುಂದೆ ಕೂರೋದೇನೇ?" ಎಂದೆ.

"ದೇವರಿಗೆ ನಿಮ್ಮ ಹಾಡು ಬೇಕಾ, ಲಂಗ ಬೇಕಾ? ಏಳಿ ಅಕ್ಕಾ," ಎಂದಳು ಓರಗಿತ್ತಿ.

ಈಗ ಮತ್ತೆ ಅಲ್ಲಿ ಕೂರುತ್ತೇನೆ. ಮೇಲಿನ ಸಾಲನ್ನು ಎತ್ತುವವಳು ಅವಳು. ಅವಳ ಸ್ವರ ಅಷ್ಟು ಎತ್ತರಕ್ಕೆ ಹೋಗದು. ಕೇಳುತ್ತಾ ನನ್ನ ಗಂಟಲು ಮಿಡುಕುತ್ತದೆ. ಹೋದ ಶನಿವಾರ ಒಳಗೆ ಬಿಗಿಹಿಡಿದು ಅವಳ ಜೊತೆ ನಾನೂ ಎತ್ತಿದೆ. ಅರ್ಧ ಸಾಲಿನವರೆಗೆ ಹೋದೆ. ಹಿಡಿತ ಸಡಿಲವಾದಂತೆ ಅನ್ನಿಸಿದ್ದೇ ಇಳಿದು, ಉಳಿದದ್ದನ್ನು ಅವಳಿಗೆ ಬಿಟ್ಟೆ. ಸೀರೆ ಒಣಗಿಯೇ ಇತ್ತು. ಮಂಗಳಾರತಿಗೆ ಕೈಯೊಡ್ಡಿದಾಗ ಆ ಉಳಿದರ್ಧ ಸಾಲನ್ನೇ ಬೇಡಿಕೊಂಡೆ.