ಉಂಡ ಕೌದಿ

ಮೊದಲೇ ಹೇಳಿಬಿಡುತ್ತೇನೆ: ಅಕ್ಕಿ ಹಾಕಿದ್ದು ನಾನೇ. ಯಾರನ್ನೂ ಕೇಳಲಿಲ್ಲ. ಸಾರಿಗೆ ಉಪ್ಪು ಹಾಕುವಾಗ ಯಾರ ಅಪ್ಪಣೆ ಕೇಳುತ್ತೇವೆ? ಹಾಗೇ ಹಾಕಿದೆ. ಅದರಿಂದಾಗಿ ನನ್ನ ಗೆಳತಿಯ ಹತ್ತು ತಿಂಗಳ ಕೆಲಸ, ಪ್ರದರ್ಶನಕ್ಕೆ ಮೂರೇ ದಿನ ಇರುವಾಗ, ಗೋಡೆಯಿಂದ ಕೆಳಗಿಳಿಯಿತು.

ಈ ಗೆಳತಿ ನನಗೆ ಸಿಕ್ಕಿದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರೂ ಸರದಿ ಹಿಡಿದು ಬಟ್ಟೆ ಒಗೆಯುವ ಕೋಣೆಯಲ್ಲಿ. ಸ್ಟಾಕ್‌ಹೋಮ್‌ನ ಜನ ಏನನ್ನು ಬೇಕಾದರೂ ಕ್ಷಮಿಸಿಯಾರು, ತಮ್ಮ ಒಗೆಯುವ ಸರದಿಯಲ್ಲಿ ಹತ್ತು ನಿಮಿಷ ತಿಂದವರನ್ನು ಕ್ಷಮಿಸುವುದಿಲ್ಲ. ಅವತ್ತು ನಾನು ಧಾರವಾಡದಿಂದ ತಂದ ಕೌದಿ ಒಗೆದಿದ್ದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಲ್ಲೇ ಹೊಲಿದ ಹೊದಿಕೆ. ನೀರು ಕುಡಿದರೆ ಎಮ್ಮೆಯಷ್ಟು ಭಾರ. ಒಣಗುವ ಲಕ್ಷಣವೇ ಇರಲಿಲ್ಲ. ನನ್ನ ಸರದಿ ಮುಗಿದು ಅರ್ಧ ಗಂಟೆಯಾಗಿತ್ತು. ಬುಟ್ಟಿ ಹಿಡಿದು ಒಬ್ಬ ಹೆಂಗಸು ಒಳಗೆ ಬಂದಳು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಕೊರಿಯಾದವರ ಮುಖ, ಬಾಯಿ ಬಿಟ್ಟರೆ ದಕ್ಷಿಣದ ಲುಂಡ್ ಊರಿನ ಕಡೆಯ ಅಪ್ಪಟ ಸ್ವೀಡಿಷ್. ಜಗಳಕ್ಕೆಂದೇ ಬಂದವಳು ಕೌದಿಯ ಮುಂದೆ ನಿಂತು ಜಗಳ ಮರೆತಳು.

"ಇದನ್ನು ಯಾರು ಮಾಡಿದ್ದು?"

"ನನ್ನ ಇಬ್ಬರು ತಾಯಂದಿರು," ಅಂದೆ.

ಅಪರಿಚಿತರಿಗೆ ನಾನು ಹಾಗೆ ಹೇಳುವವಳಲ್ಲ. ನನ್ನನ್ನು ಹೆತ್ತವಳು ನಾಲ್ಕನೇ ಹೆಣ್ಣಾಯಿತೆಂದು, ಹನ್ನೊಂದು ತಿಂಗಳ ನನ್ನನ್ನು ಮಕ್ಕಳಿಲ್ಲದ ತನ್ನ ಅಕ್ಕನ ಕೈಗೆ ಕೊಟ್ಟಳು. ಸಾಕಿದವಳು ಅವ್ವ, ಹೆತ್ತವಳು ಚಿಗವ್ವ. ಎರಡೂ ಮನೆಗಳ ನಡುವೆ ಎರಡೇ ಓಣಿ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವಂತಿಲ್ಲ. ಕೌದಿಯ ಸೀರೆಗಳು ಚಿಗವ್ವನವು, ಹೊಲಿಗೆ ಅವ್ವನದು. ಇದಿಷ್ಟನ್ನು ನನ್ನ ಹರಕು ಸ್ವೀಡಿಷ್ ಮತ್ತು ಇಂಗ್ಲಿಷ್‌ನಲ್ಲಿ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟು ಬೆಂಚಿನ ಮೇಲೆ ಕೂತಳು.

"ಪುಣ್ಯ ಮಾಡಿದ್ದೀಯ ಅಂತ ನಿನಗೂ ಹೇಳುತ್ತಿದ್ದರಾ?"

"ದಿನಾ!" ಅಂದೆ. "ಎರಡು ಹೊತ್ತು, ಊಟದ ಜೊತೆಗೆ."

ಅವಳು ನಕ್ಕಳು. ನಾನೂ ನಕ್ಕೆ. ನಗುವ ವಿಷಯವೇನೂ ಆಗಿರಲಿಲ್ಲ.

ಅವಳು ಚಿತ್ರ ಬರೆಯುವವಳು. ಎರಡೂವರೆ ವರ್ಷದ ಮಗುವಾಗಿದ್ದಾಗ ಅವಳನ್ನು ಕೊರಿಯಾದಿಂದ ವಿಮಾನದಲ್ಲಿ ತಂದು ಇಲ್ಲಿಯ ದಂಪತಿಗೆ ಕೊಟ್ಟರು. ಕಾಗದದಲ್ಲಿ ಅನಾಥೆ ಎಂದು ಬರೆದಿತ್ತು. ನಲವತ್ತು ದಾಟಿದ ಮೇಲೆ ಹುಡುಕಿಕೊಂಡು ಹೋದರೆ ತಾಯಿ ಬದುಕಿದ್ದಳು. ಒಂದು ಕಚೇರಿಯಲ್ಲಿ, ದುಭಾಷಿಯ ಎದುರಿಗೆ, ಒಂದು ಗಂಟೆ ಕೂತಿದ್ದರಂತೆ. ಏಳುವಾಗ ತಾಯಿ ತನ್ನ ಕೊರಳಿನ ಸ್ಕಾರ್ಫ್ ಬಿಚ್ಚಿ ಇವಳ ಕೊರಳಿಗೆ ಸುತ್ತಿದಳು. ಆಮೇಲೆ ಬರೆದ ಪತ್ರಗಳಿಗೆ ಉತ್ತರವಿಲ್ಲ.

ಇನ್ನು ಸ್ವೀಡಿಷ್ ತಾಯಿ. ಎಂಬತ್ತೇಳು ವರ್ಷ, ಸಾಧ್ವಿ. ಪ್ರತಿ ಹುಟ್ಟುಹಬ್ಬಕ್ಕೂ ಅವರು ಒಂದೇ ಕಥೆ ಹೇಳುತ್ತಾರೆ: ಮಗು ಬಂದ ದಿನವೇ ಬೆಣ್ಣೆ ಹಚ್ಚಿದ ಬ್ರೆಡ್ಡು ಎರಡು ತಿಂದು, ನಕ್ಕು, ನಿದ್ದೆ ಹೋಯಿತು. ದತ್ತು ಕೊಟ್ಟ ಸಂಸ್ಥೆಗೆ ಅವರು ಆಗ ಬರೆದ ಪತ್ರದಲ್ಲೂ ಅದೇ ಇದೆ. "ಕಾಗದದಲ್ಲಿ ಉಳಿದದ್ದೆಲ್ಲ ಸುಳ್ಳು ಅಂತ ಗೊತ್ತಾದ ಮೇಲೆ," ಎಂದಿದ್ದಳು ಗೆಳತಿ, "ಆ ಎರಡು ಬ್ರೆಡ್ಡನ್ನೂ ನಂಬಲು ಆಗುತ್ತಿಲ್ಲ. ನನ್ನ ಬಗ್ಗೆ ಬೇರೆಯವರು ತಿದ್ದದ ಒಂದು ವಸ್ತು ಈ ಲೋಕದಲ್ಲಿ ಇರಬೇಕು. ಒಂದೇ ಸಾಕು. ಅದನ್ನು ನಾನೇ ಮಾಡುತ್ತೇನೆ."

ಹಾಗೆ ಶುರುವಾಯಿತು ಅವಳ ಕೌದಿ, ಊರಿನ ಕಲಾಭವನದ ಪ್ರದರ್ಶನಕ್ಕೆಂದು. ಅವಳು ವಿಮಾನದಲ್ಲಿ ತೊಟ್ಟಿದ್ದ ಹತ್ತಿ ತುಂಬಿದ ಪುಟ್ಟ ಅಂಗಿ, ಕೊರಿಯಾದ ತಾಯಿಯ ಸ್ಕಾರ್ಫ್, ಸ್ವೀಡಿಷ್ ಮನೆಯ ಅಡುಗೆಕೋಣೆಯ ಪರದೆ, ಅವಳ ಹದಿನೇಳರ ಮಗಳ ಫುಟ್‌ಬಾಲ್ ಅಂಗಿ. ಕಿಸ್ಟಾ ಬಡಾವಣೆಯ ಐಟಿ ಕಚೇರಿಯಲ್ಲಿ ದಿನವಿಡೀ ಬೇರೆಯವರ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ನಾನು ಭಾನುವಾರ ಅವಳ ಮನೆಯ ನೆಲದ ಮೇಲೆ ಕೂತು ಕೌದಿಯ ಹೊಲಿಗೆ ಕಲಿಸಿದೆ: ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು, ದಾರ ಎಳೆದು ಬಿಗಿಯಬಾರದು. ಮಗಳೂ ಕೂರುತ್ತಿದ್ದಳು, ಕಿವಿಗೆ ಹಾಡು ಸಿಕ್ಕಿಸಿಕೊಂಡು. ಒಂದು ದಿನ ಆ ಹುಡುಗಿ ಸೂಜಿ ನಿಲ್ಲಿಸಿ ಅಂದಳು, "ಎಲ್ಲಿಂದ ಬಂದೆ ಅಂತ ನನ್ನನ್ನೂ ಕೇಳುತ್ತಾರೆ. ಅಮ್ಮನಿಗಾದರೂ ಹೇಳಲು ಒಂದು ವಿಮಾನ ಇದೆ. ನಾನು ಇಲ್ಲಿಯ ಆಸ್ಪತ್ರೆಯಲ್ಲೇ ಹುಟ್ಟಿದವಳು. ನಾನೇನು ಹೇಳಲಿ?" ಆವರೆಗೆ ಮೂಲೆಯಲ್ಲಿದ್ದ ಫುಟ್‌ಬಾಲ್ ಅಂಗಿಯ ತುಂಡು ಮಾರನೆಯ ವಾರ ಪುಟ್ಟ ಅಂಗಿಯ ಪಕ್ಕಕ್ಕೆ ಬಂದಿತ್ತು.

ನಮ್ಮ ಕನ್ನಡದವರ ಮನೆಯೊಂದರಲ್ಲಿ ಊಟಕ್ಕೆ ಸೇರಿದ್ದಾಗ ಈ ಸುದ್ದಿ ಎತ್ತಿ ನಾನು ತಪ್ಪು ಮಾಡಿದೆ. ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಮೊಸರನ್ನ ಕಲಸುತ್ತಾ ಹೇಳಿದರು, "ಉಂಡ ಮನೆ ಜಂತೆ ಎಣಿಸ್ಬಾರ್ದು ಅಂತಾರಲ್ಲಮ್ಮ. ಅಲ್ಲೇ ಇದ್ದಿದ್ರೆ ಬೀದಿಪಾಲಾಗ್ತಿದ್ಲು. ಓದ್ಸಿ, ಮದ್ವೆ ಮಾಡಿ ದಡ ಸೇರ್ಸಿದಾರೆ. ಈಗ ಊರಿಗೆಲ್ಲ ತೋರ್ಸಿ ಅವರ ಮಾನ ಕಳೀಬೇಕಾ?"

ನನ್ನ ಮೈ ಉರಿದುಹೋಯಿತು. ಇದೇ ಗಾದೆಯನ್ನು ನನ್ನ ತಲೆಗೆ ಎಷ್ಟು ಸಲ ಕುಟ್ಟಿದ್ದರೋ! "ಜಂತೆ ಎಣಿಸದೆ ಇನ್ನೇನು ಮಾಡ್ತಾಳೆ ಸಾರ್?" ಅಂದೆ. "ಅವಳೇನು ನೆಂಟಸ್ತಿಕೆಗೆ ಬಂದಿದ್ಲಾ? ಮಗು. ಮಕ್ಕಳನ್ನ ಅಂಗಾತ ಮಲಗಿಸ್ತಾರೆ. ಕಣ್ಣು ಬಿಟ್ರೆ ಕಾಣೋದೇ ಜಂತೆ."

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಮೇಜಿನಡಿ ಕಾಲು ತುಳಿದ. ಮನೆಗೆ ಬರುವಾಗ ಮೆಟ್ರೋದಲ್ಲಿ, "ನಿಂಗ್ಯಾಕೆ ಬೇಕಿತ್ತು ಇದೆಲ್ಲಾ? ಅವ್ರ ಫ್ಯಾಮಿಲಿ ಮ್ಯಾಟರ್ ಅದು," ಎಂದ. ಮೈಸೂರಿನವನು, ಯಾರ ಮನಸ್ಸನ್ನೂ ನೋಯಿಸಬಾರದು ಅವನಿಗೆ. ನನ್ನ ಮನಸ್ಸು ಆ ಲೆಕ್ಕದಲ್ಲಿ ಬರುವುದಿಲ್ಲ.

ಹೊಲಿಗೆ ನಡುವಿಗೆ ಬಂದು ಅಂಗೈ ಅಗಲದ ಕಿಂಡಿಯೊಂದೇ ಉಳಿದ ದಿನ ಊರಿಗೆ ಫೋನ್ ಮಾಡಿದೆ. ಅವ್ವ ಮೊದಲು ಕೇಳಿದ್ದೇ ಅದು. "ಹೊಟ್ಟಿ ತುಂಬಿಸಿದ್ಯೇನ? ಹಂಗ ಹೊಲದ ಮುಚ್ಚಬ್ಯಾಡ ಮತ್ತ. ಹಸದ ಕೌದಿ ಹೊತಗೊಂಡವರಿಗೆ ನಿದ್ದಿ ಹತ್ತಂಗಿಲ್ಲ." ನಮ್ಮ ಕಡೆ ಕೌದಿಗೆ ಉಣಿಸಿಯೇ ಕೊನೆಯ ಹೊಲಿಗೆ ಹಾಕುವುದು. ಮುಂದಿನ ಭಾನುವಾರ ಗೆಳತಿ ಕಾಫಿ ಮಾಡಲು ಎದ್ದು ಹೋಗಿದ್ದಳು. ಜೊತೆಗೆ ತಂದಿದ್ದ ಪೊಟ್ಟಣದಿಂದ ಒಂದು ಹಿಡಿ ಅಕ್ಕಿ, ಚೂರು ಬೆಲ್ಲ ಒಳಗೆ ಹಾಕಿ ಹೊಲಿದು ಮುಚ್ಚಿದೆ. ಮನಸ್ಸಿಗೆ ಹಿತವಾಯಿತು. ಹೇಳಬೇಕು ಅನ್ನಿಸಲೇ ಇಲ್ಲ.

ಕಲಾಭವನದ ಬಟ್ಟೆಗಳ ಉಸ್ತುವಾರಿ ನೋಡುವಾಕೆ ಬುಧವಾರ ಕೌದಿ ನೇತುಹಾಕುವಾಗ ಕೈಗೆ ಏನೋ ಚರಚರ ಅಂದಿತು. ಗೆಳತಿ ನನಗೆ ಫೋನ್ ಮಾಡಿದಳು: "ಒಳಗೆ ಏನಿದೆ?" ಮೀಟಿಂಗ್ ಬಿಟ್ಟು ಓಡಿಹೋಗಿ, ಅಕ್ಕಿ ಬೆಲ್ಲ ಹಾಕಿ ಕೌದಿಯ ಹೊಟ್ಟೆ ತುಂಬಿಸಿದ್ದನ್ನು ಇಬ್ಬರಿಗೂ ಹೇಳಿದೆ.

ಉಸ್ತುವಾರಿಯಾಕೆ ಮೆತ್ತಗೆ, ಮರ್ಯಾದೆಯಿಂದಲೇ ಹೇಳಿದಳು. ಅದೇ ಕೋಣೆಯಲ್ಲಿ ಎರವಲು ತಂದ ಹಳೆಯ ಕಾಲದ ಬಟ್ಟೆಗಳಿವೆ; ತಿನ್ನುವ ಪದಾರ್ಥ ಇದ್ದರೆ ಹುಳು ಬೀಳುತ್ತದೆ; ಒಂದೋ ಹೊಲಿಗೆ ಬಿಚ್ಚಿ ತೆಗೆಯಬೇಕು, ಇಲ್ಲವೆಂದರೆ ಕೌದಿ ಹೊರಗೆ. ಅವಳ ಮಾತು ಸುಳ್ಳಲ್ಲ. ನಮ್ಮ ಮನೆಯ ಅಕ್ಕಿ ಡಬ್ಬಿಗೇ ಹುಳು ಬೀಳುತ್ತದೆ. ನಾನು, ಅವರಿವರಿಗೆ ಎದುರುತ್ತರ ಕೊಡುವ ಧೀರೆ, ಆಗ ಕೈಕಾಲು ಬಿಟ್ಟೆ. "ಕತ್ತರಿ ಕೊಡಿ, ಹತ್ತು ನಿಮಿಷದ ಕೆಲಸ, ನಾನೇ ಬಿಚ್ಚಿ ತೆಗೆಯುತ್ತೇನೆ," ಅಂದೆ.

ಗೆಳತಿ ನನ್ನ ಕಡೆ ತಿರುಗಿದಳು. ಅಂಥ ಮುಖ ನಾನು ಅವಳಲ್ಲಿ ನೋಡಿರಲಿಲ್ಲ.

"ಹಾಕುವಾಗ ಕೇಳಲಿಲ್ಲ. ಈಗ ತೆಗೆಯುವಾಗಲೂ ಕೇಳುವುದಿಲ್ಲ. ಅಲ್ಲವಾ?"

"ಒಳ್ಳೇದಾಗಲಿ ಅಂತ..."

"ನನಗೆ ಎಲ್ಲರೂ ಮಾಡಿದ್ದು ಒಳ್ಳೇದಕ್ಕೇ," ಅಂದಳು. "ಒಬ್ಬರೂ ಕೇಳಲಿಲ್ಲ."

ಕೌದಿಯನ್ನು ಮಡಚಿ, ಮಗುವಿನಂತೆ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ನಾನು ಬಸ್ ನಿಲ್ದಾಣದಲ್ಲಿ ಚಳಿಯಲ್ಲಿ ನಿಂತು ಅತ್ತೆ. ನಾಚಿಕೆಯಿಂದ ಅತ್ತೆ. ಜಂತೆ ಎಣಿಸುವ ಹಕ್ಕಿನ ಬಗ್ಗೆ ಭಾಷಣ ಬಿಗಿದವಳು ನಾನೇ, ಅವಳ ಮನೆಗೆ ಅವಳನ್ನೇ ಕೇಳದೆ ಜಂತೆ ಹಾಕಿದವಳೂ ನಾನೇ.

ಎರಡು ದಿನ ಅವಳ ಸುದ್ದಿಯಿಲ್ಲ. ಶುಕ್ರವಾರ ಸಂಜೆ ಬಾಗಿಲು ತಟ್ಟಿದಳು. ಚಪ್ಪಲಿಯೂ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಒಂದೇ ಪ್ರಶ್ನೆ: "ಹೊಟ್ಟೆ ತುಂಬಿಸದಿದ್ದರೆ ಏನಾಗುತ್ತದೆ?"

ಅವ್ವ ಹೇಳಿದ್ದನ್ನು ಹೇಳಿದೆ. ಕ್ಷಮಿಸು ಅಂತಲೂ ಅಂದೆ.

"ನೀನು ಮಾಡಿದ್ದು ತಪ್ಪು," ಅಂದಳು. "ಆದರೆ ಈಗ ಅದು ಒಳಗೆ ಹೋಗಿದೆ, ನನ್ನದಾಗಿದೆ. ಬಗೆದು ನೋಡುವುದು ಬೇಡ. ದತ್ತು ಕೊಡುವಾಗ ನನ್ನ ಹಲ್ಲು ಎಣಿಸಿದ್ದಾರೆ, ತೂಕ ಬರೆದಿದ್ದಾರೆ, ಎದೆಗೆ ನಂಬರಿನ ಚೀಟಿ ಸಿಕ್ಕಿಸಿದ್ದಾರೆ. ಸಾಕು. ಕೌದಿಗೆ ಕತ್ತರಿ ಹಾಕುವುದಿಲ್ಲ."

"ಹಾಗಾದರೆ ಗೋಡೆ?"

"ಆ ಗೋಡೆ ಖಾಲಿ ಇರಲಿ."

ಶನಿವಾರ ಪ್ರದರ್ಶನಕ್ಕೆ ಹೋದಾಗ ಭವನದ ಅತಿ ದೊಡ್ಡ ಗೋಡೆ ನಿಜವಾಗಿ ಖಾಲಿಯಿತ್ತು. ದೀಪದ ಬೆಳಕೆಲ್ಲ ಬೋಳು ಸುಣ್ಣದ ಮೇಲೆ. ಪಕ್ಕದಲ್ಲಿ ಅವಳ ಕೈಬರಹದ ಚೀಟಿ: "ಇಲ್ಲಿ ಇರಬೇಕಾಗಿದ್ದ ಕೌದಿ ಊಟ ಮಾಡಿದೆ. ಊಟ ಮಾಡಿದವರಿಗೆ ಈ ಕೋಣೆಗೆ ಪ್ರವೇಶವಿಲ್ಲ. ಅದು ಹೊರಗೆ, ಕಾಫಿ ಕುಡಿಯುವ ಜಾಗದಲ್ಲಿ ಇದೆ." ಉಸ್ತುವಾರಿಯಾಕೆ ಅದರ ಪಕ್ಕದಲ್ಲೇ ನಿಂತಿದ್ದಳು, ತುಟಿ ಬಿಗಿಹಿಡಿದು, ಆದರೆ ಚೀಟಿಯನ್ನು ತೆಗೆಸಿರಲಿಲ್ಲ.

ಹೊರಗೆ ಕಾಫಿ ಕೌಂಟರಿನ ಎದುರಿಗೆ, ದಾಲ್ಚಿನ್ನಿ ಬನ್ನುಗಳ ವಾಸನೆಯಲ್ಲಿ, ಜಾಕೆಟ್ಟು ನೇತುಹಾಕುವ ಸಾಲಿನ ಪಕ್ಕದ ಗೋಡೆಯ ಮೇಲೆ ಕೌದಿ ಇತ್ತು. ಗಾಜಿಲ್ಲ, ಹಗ್ಗದ ಬೇಲಿಯಿಲ್ಲ. ಜನ ಕಪ್ಪು ಹಿಡಿದುಕೊಂಡು ಅದರ ಮುಂದೆಯೇ ನಿಂತಿದ್ದರು. ಒಳಗಿನ ಬೆಳಕಿಗಿಂತ ಅಲ್ಲೇ ಚೆನ್ನಾಗಿ ಕಾಣುತ್ತಿತ್ತು, ನನ್ನಾಣೆ.

ಸ್ವೀಡಿಷ್ ತಾಯಿಯನ್ನು ಮೊಮ್ಮಗಳು ಗಾಲಿಕುರ್ಚಿಯಲ್ಲಿ ಕರೆತಂದಳು. ಅವರು ಕೌದಿಯ ಎದುರು ಬಹಳ ಹೊತ್ತು ಕೂತರು. ತಮ್ಮ ಪರದೆಯ ತುಂಡು ಗುರುತು ಹಿಡಿದರು. ಆಗ ಪಕ್ಕದಲ್ಲಿದ್ದ ಒಬ್ಬ ದೊಡ್ಡ ಮನುಷ್ಯ, ಬಿಳಿ ಗಡ್ಡ, ಕೈಯಲ್ಲಿ ಬನ್ನು, ನನ್ನ ಗೆಳತಿಗೆ ಬಲು ವಿಶ್ವಾಸದಿಂದ ಹೇಳಿದ: "ಏನೇ ಹೇಳು, ಇಂಥ ಮನೆ ಸಿಕ್ಕಿದ್ದು ನಿನ್ನ ಅದೃಷ್ಟ."

ನನ್ನ ಬಾಯಿ ತೆರೆಯಿತು. ಹುಡುಗಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

ಅಜ್ಜಿ ಮಗಳತ್ತ ನೋಡಿ, "ಮುಟ್ಟಲಾ?" ಎಂದು ಕೇಳಿದರು.

"ಮುಟ್ಟು," ಅಂದಳು ಗೆಳತಿ.

ಅಜ್ಜಿಯ ಬೆರಳು ಪುಟ್ಟ ಅಂಗಿಯ ಮೇಲೆ ಹೋಯಿತು, ಅಲ್ಲಿಂದ ಸರಿದು ನಡುವಿಗೆ ಬಂದಿತು. ಕಾಳು ಕೈಗೆ ಸಿಕ್ಕಿತು. ಒತ್ತಿದರು, ಮತ್ತೆ ಒತ್ತಿದರು. "ಏನಿದು?"

"ಅಕ್ಕಿ, ಅಜ್ಜಿ," ಅಂದಳು ಮೊಮ್ಮಗಳು.

ಅಜ್ಜಿ ಕೈ ತೆಗೆಯಲಿಲ್ಲ. "ಬಂದು ಮೂರು ದಿನ ನೀನು ಏನೂ ತಿನ್ನಲಿಲ್ಲ," ಎಂದರು ಮಗಳಿಗೆ. ದನಿ ನಮಗಷ್ಟೇ ಕೇಳುವಷ್ಟು. "ಬ್ರೆಡ್ಡು ಕೊಟ್ಟರೆ ಉಗುಳಿದೆ. ಬಾಗಿಲ ಹತ್ತಿರ ಈ ಅಂಗಿ ಹಿಡಿದುಕೊಂಡು ಕೂತಿದ್ದೆ. ಏನೋ ಒಂದೇ ಮಾತು ಕೂಗುತ್ತಿದ್ದೆ, ನಮಗೆ ಅರ್ಥವಾಗಲಿಲ್ಲ. ಮಗು ನಕ್ಕಿತು ಅಂತ ಪತ್ರ ಬರೆದೆ. ನಿಜ ಬರೆದರೆ ನಿನ್ನನ್ನು ವಾಪಸು ಕರೆದುಕೊಂಡುಹೋಗುತ್ತಾರೆ ಅಂತ ಹೆದರಿದ್ದೆ."

ಬನ್ನು ಹಿಡಿದವನು ಬೇರೆ ಕಡೆ ನೋಡಿದ. ನನ್ನ ಕಣ್ಣು ತುಂಬಿತು. ಈಗ ಗೆಳತಿ ಬಗ್ಗಿ ತಬ್ಬಿಕೊಳ್ಳುತ್ತಾಳೆ, ಪರವಾಗಿಲ್ಲ ಬಿಡಮ್ಮಾ ಅನ್ನುತ್ತಾಳೆ ಅಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೇ ಮಾಡುತ್ತಿದ್ದೆ. ಜೀವಮಾನವೆಲ್ಲ ಅದನ್ನೇ ಮಾಡಿದ್ದೇನೆ.

ಅವಳು ಬಗ್ಗಲಿಲ್ಲ. ಮಗಳನ್ನು ಹತ್ತಿರ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ತಾಯಿಯ ಕೈ ಕೌದಿಯ ಮೇಲೆ ಎಲ್ಲಿತ್ತೋ ಅಲ್ಲೇ, ಅದರ ಮೇಲೆ ತನ್ನ ಕೈ ಇಟ್ಟಳು.

"ಇನ್ನೊಂದು ಸಲ ಹೇಳಮ್ಮ," ಅಂದಳು. "ಗಟ್ಟಿಯಾಗಿ."

ಅಜ್ಜಿ ಹೇಳಿದರು. ಕಾಫಿಯ ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.