ಹುಟ್ಟುವ ಮೊದಲು ಹೊಲಿಯಬಾರದ ಕುಂಚಿಗೆ

ದೇವರ ಮುಂದಿನ ದೀಪ ಗಾಳಿಯಿಲ್ಲದೆ ನಡುಗುವುದನ್ನು ನಾನು ಮೊದಲು ಕಂಡದ್ದು ಇಚಲಕರಂಜಿಯಲ್ಲಿ. ಬಾಗಿಲು ಮುಚ್ಚಿತ್ತು, ಕಿಟಕಿ ಇರಲೇ ಇಲ್ಲ. ಆದರೂ ಜ್ಯೋತಿ ಅದುರುತ್ತಿತ್ತು. ನೋಡುತ್ತಿದ್ದಂತೆಯೇ ದೇವರ ಜಗಲಿಯ ಮೇಲಿನ ವಿಭೂತಿಗಟ್ಟಿ ತಾನಾಗಿ ಅಂಚಿಗೆ ಸರಿದು, ಕೆಳಗೆ ಬಿದ್ದು, ಎರಡು ಹೋಳಾಯಿತು.

"ಭೂಮಿ ನಡಗಾಕತ್ತೈತ್ರೀ!" ಎಂದು ಕೂಗಿದೆ.

ನಮ್ಮ ಮನೆಯವರು ನಕ್ಕರು. "ಭೂಮಿ ಅಲ್ಲ, ಮಗ್ಗ. ಗ್ವಾಡಿ ಆಚೆ ಕರೆಂಟಿನ ಮಗ್ಗ ಅದಾವ. ನಾಕ ದಿನಾ ಹೋದ್ರ ನಿನಗ ಕೇಳಸೂದೂ ಇಲ್ಲ."

ಅವರು ಆ ಮಗ್ಗಗಳ ಜಾಬರ್. ಕೆಟ್ಟ ಮಗ್ಗವನ್ನು ಬಿಚ್ಚಿ ಸರಿಮಾಡುವ ಕೆಲಸ. ಅದಕ್ಕಾಗಿಯೇ ಬೈಲಹೊಂಗಲದ ಕಡೆಯ ಹಳ್ಳಿ ಬಿಟ್ಟು ನಾವು ಇಲ್ಲಿಗೆ ಬಂದಿದ್ದು. ಆಗಿನ್ನೂ ಮಹಾರಾಷ್ಟ್ರ ಎಂಬ ರಾಜ್ಯ ಆಗಿರಲಿಲ್ಲ. ಮನೆ ಎಂದರೆ ಒಂದು ಖೋಲಿ. ಇಲ್ಲಿ ಕೋಣೆಗೆ ಹಾಗೆನ್ನುತ್ತಾರೆ. ಊರಿನಲ್ಲಿ ನಮ್ಮ ಎತ್ತುಗಳಿಗೂ ಇದಕ್ಕಿಂತ ದೊಡ್ಡ ಜಾಗವಿತ್ತು. ಆದರೆ ನೀರು ಅಂಗಳದಲ್ಲೇ ಸಿಗುತ್ತಿತ್ತು, ಶಿವಪೂಜೆಗೆ ಮೂಡಣದ ಗೋಡೆ ಇತ್ತು. ಅಷ್ಟಾದರೂ ಶಿವ ಕೊಟ್ಟನಲ್ಲ ಎಂದು ಕೈಮುಗಿದೆ.

ಕಲಿಯುವುದು ಬಹಳ ಇತ್ತು. ಅಂಗಡಿಯಲ್ಲಿ ಚಟ್ನಿ ಕೇಳಿದರೆ ಕೆಂಪು ಖಾರದ ಮಸಾಲೆಪುಡಿ ಕಟ್ಟಿಕೊಟ್ಟರು. ಇಲ್ಲಿ ಪಲ್ಯಕ್ಕೆ ಹಾಕುವ ಆ ಪುಡಿಯೇ ಚಟ್ನಿ. ಅದನ್ನು ರೊಟ್ಟಿಗೆ ಎಣ್ಣೆಯೊಡನೆ ಕಲಸಿಕೊಂಡು ತಿಂದು ಅತ್ತದ್ದೂ ಆಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ ಮಾತು. ನೀರಿಗೆ ನಿಂತ ಹೆಂಗಸರೆಲ್ಲ ಮರಾಠಿ ಮಾತಾಡುತ್ತಾರೆ, ಬಿಂದಿಗೆ ಜಾರಿ ಕಾಲಮೇಲೆ ಬಿದ್ದರೆ "ಅಯ್ಯ ಯವ್ವಾ!" ಎನ್ನುತ್ತಾರೆ. ಅರ್ಧ ಊರಿನ ಒಳಗೆ ಕನ್ನಡ ಅಡಗಿತ್ತು.

ಮನೆಯ ಒಡತಿಯೂ ಹಾಗೆಯೇ. ದಾನೋಳಿಯ ಒಕ್ಕಲುಮನೆತನದ ಹೆಣ್ಣು, ವಿಧವೆ, ಗೋಡೆಯಾಚೆಯ ಮಗ್ಗಗಳೂ ಅವರವೇ. ಎಲ್ಲರಿಗೂ ಅವರು 'ಕಾಕು', ಅಂದರೆ ಚಿಕ್ಕಮ್ಮ. ಮಂದಿಯೆದುರು ಮರಾಠಿ, ಸಿಟ್ಟು ಬಂದರೆ ಕನ್ನಡ. ಒಂದು ದಿನ ನನ್ನ ಸೀರೆಯ ಸೆರಗನ್ನು ಹಿಡಿದು ಕಸೂತಿಯನ್ನು ಮಗುಚಿ ಮಗುಚಿ ನೋಡಿದರು.

"ಹೊಂಗಲದಾಕಿ, ಇದರದು ಒಳಮೈ ಯಾವುದು, ಹೊರಮೈ ಯಾವುದು?"

"ಎರಡೂ ಒಂದ ರೀ ಕಾಕು. ಗಂಟ ಹಾಕಂಗಿಲ್ಲ. ಎಳಿ ಎಣಿಸಿ ಹೋಗೂದು, ನಡಬರಕ ಬಿಟ್ಟ ಜಾಗಾ ತುಂಬಕೋತ ತಿರುಗಿ ಬರೂದು."

"ಭಾಳ ಹೊತ್ತ ಹಿಡಿತೈತೇನು?"

"ಒಂದ ಗೋಪುರಕ್ಕ ಇಡೀ ದಿನಾ ಬೇಕ್ರಿ."

"ಹಂಗಾರ ನಮ್ಮ ಸೊಸಿಗೆ ಕಲಸು. ಕೂತಲ್ಲೇ ಕೂಡಸು. ಏಳಗೊಡಬ್ಯಾಡ."

ಸೊಸೆ ಸುಮತಿ ಗಡಹಿಂಗ್ಲಜದ ಹುಡುಗಿ. ಆಗ ಬಸುರಿ. ಮೊದಲು ಎರಡು ಸಲ ಹೆರಿಗೆಗೆಂದು ತವರಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಇನ್ನೊಂದು ಕಣ್ಣು ಬಿಡದೆ ಹೋಗಿತ್ತು. ಈ ಸಲ ಕೊಲ್ಹಾಪುರದ ಡಾಕ್ಟರ್ ಬಾಯಿ ಕೂತಲ್ಲೇ ಇರಬೇಕು ಎಂದಿದ್ದರು. ಕಾಕು, ತವರಿಗೆ ಕಳಿಸುವುದೇ ಇಲ್ಲ ಎಂದಿದ್ದರು. "ಆ ಮನಿ ನೆಳ್ಳ ಛಲೋ ಇಲ್ಲ" ಎನ್ನುವರು. ಅದನ್ನು ಕೇಳುತ್ತ ಸುಮತಿ ಸೂಜಿಗೆ ದಾರ ಪೋಣಿಸುವಳು.

ಒಬ್ಬಳಿಂದ ಆರಂಭವಾಗಿ ಆರು ಹುಡುಗಿಯರಾದರು. ಪಕ್ಕದ ಊರು ಕೊರೋಚಿಯಿಂದಲೂ ಇಬ್ಬರು ನಡೆದು ಬರುತ್ತಿದ್ದರು. ಇಲ್ಲಿ ಕಲಿಸುವ ಹೆಂಗಸಿಗೆ 'ಬಾಯಿ' ಎನ್ನುತ್ತಾರೆ, ನಾನೂ ಬಾಯಿಯಾದೆ. ಮಗ್ಗದ ತೆಳು ಬಟ್ಟೆಯಲ್ಲಿ ಎಳೆ ಎಣಿಸಲಾಗದೆ ಹುಡುಗಿಯರು ಹೊಲಿದ ಆನೆಗಳು ನಾಯಿಗಳಾಗುತ್ತಿದ್ದವು. ನಾವು ನಗುತ್ತಿದ್ದೆವು. ಸುಮತಿಯೂ ನಗುತ್ತಿದ್ದಳು, ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು.

ಏಳನೇ ತಿಂಗಳಲ್ಲಿ ಅವಳು ಮೆಲ್ಲಗೆ ಕೇಳಿದಳು: "ಅಕ್ಕಾ, ಕುಂಚಿಗಿ ಕಲಸ್ತೀರಿ?"

ನಾನು ಸೂಜಿ ಕೆಳಗಿಟ್ಟೆ. ಕುಂಚಿಗೆ ಎಂದರೆ ಕೂಸಿನ ತಲೆಯಿಂದ ಬೆನ್ನಿಗಿಳಿಯುವ ಟೊಪ್ಪಿಗೆ. ಹುಟ್ಟುವ ಮೊದಲು ಹೊಲಿಯಬಾರದು. ಹುಟ್ಟದ ಕೂಸಿಗೆ ಬಟ್ಟೆ ಹೊಲಿದರೆ ಬೇರೆ ಯಾರೋ ಅದನ್ನು ಅಳತೆ ನೋಡಿಕೊಂಡು ಹೋಗುತ್ತಾರೆ ಎಂದು ನಮ್ಮಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ. ಅದೂ ಅಲ್ಲದೆ ನನಗೆ ಶಿವ ಮಕ್ಕಳನ್ನು ಕೊಟ್ಟಿರಲಿಲ್ಲ. ಅಂಥವಳ ಕೈ ಕೂಸಿನ ಬಟ್ಟೆಗೆ ತಾಗಬಾರದೆಂಬ ಮಾತು ನನಗೆ ಗೊತ್ತಿಲ್ಲದ್ದಲ್ಲ.

"ಬ್ಯಾಡ ತಂಗಿ."

"ಹೊಲಿಗಿ ಹಾಕೂದು ಬ್ಯಾಡ್ರಿ. ಬರೇ ಕಸೂತಿ. ಎರಡ ಸಲ ಕೂಸು ಹೋದಾಗ ನನ್ನ ಕೈಯಾಗ ಏನೂ ಇರಲಿಲ್ಲ, ಅಕ್ಕಾ. ನೋಡಾಕ ಸೈತ ಏನೂ ಇರಲಿಲ್ಲ."

ನಡುವಿನ ಒಂದು ಹೊಲಿಗೆ ಹಾಕುವವರೆಗೆ ಕುಂಚಿಗೆ ಬರೀ ಚೌಕದ ಬಟ್ಟೆ. ನಮ್ಮವ್ವ ಉಟ್ಟು ಮೆತ್ತಗಾದ ಇಳಕಲ್ ಸೀರೆಯ ತುಂಡು ಕೊಟ್ಟೆ. ಯಾರಾದರೂ ಕೇಳಿದರೆ ದೇವರ ಜಗಲಿಯ ಹಾಸು ಎನ್ನುವುದೆಂದು ಮಾತಾಯಿತು. ಅವಳು ನಾಲ್ಕು ಮೂಲೆಗೆ ನಾಲ್ಕು ಗೋಪುರ ತೆಗೆದಳು, ನಡುವೆ ನಂದಿ. ಅಂಥ ಕೆಲಸ ನನ್ನಿಂದಲೂ ಆಗುತ್ತಿರಲಿಲ್ಲ. ಅವಳ ಗೋಪುರಗಳು ಏಳುತ್ತಿದ್ದಂತೆ ನನಗೆ ಸಂತೋಷದ ಜೊತೆಗೆ ಭಯವೂ ಏಳುತ್ತಿತ್ತು.

ಎಂಟನೇ ತಿಂಗಳು ಬಿದ್ದ ಮೇಲೆ ಒಂದು ಮಧ್ಯಾಹ್ನ ಕಾಕುವಿನ ಕೂಗು ಕೇಳಿ ಓಡಿದೆ. ಸುಮತಿ ತಡೆಯಲಾರದೆ ನಡುವಿನ ಹೊಲಿಗೆಯನ್ನೂ ಹಾಕಿಬಿಟ್ಟಿದ್ದಳು. ಮೊಣಕಾಲಿಗೆ ಕುಂಚಿಗೆ ತೊಡಿಸಿ, ಆಚೆ ಈಚೆ ತೂಗುತ್ತ ಕೂತಿದ್ದಾಗ ಕಾಕು ಒಳಗೆ ಬಂದಿದ್ದರು.

ಅವರು ಅದನ್ನು ಕಿತ್ತುಕೊಂಡು ನನ್ನ ಕಣ್ಣೆದುರೇ ಚರ್ರನೆ ಹೊಲಿಗೆ ಹರಿದರು. "ಮಕ್ಕಳಿಲ್ಲದಾಕಿ ಕೈಯಾಗ ಬಸರಿ ಹೆಣ್ಣ ಕೊಟ್ಟ ಕೂತೀನಿ. ನಂದ ಬುದ್ಧಿ ಮಣ್ಣ ತಿಂದಿತ್ತು! ನಮ್ಮ ಮನಿ ದೀಪ ಆರಸಾಕ ಬಂದೀಯೇನ ನೀ?"

ಮರುದಿನದಿಂದ ಕಸೂತಿ ನಿಂತಿತು. ಬರಿಗೈಯಲ್ಲಿ ಕೂತರೆ ಕೆಟ್ಟ ವಿಚಾರಗಳು ಬರುತ್ತವೆಂದು ಕಾಕು ಸೊಸೆಯನ್ನು ರಾಟೆಯ ಮುಂದೆ ಕೂರಿಸಿದರು. ಕಾಂಡಿ, ಅಂದರೆ ಮಗ್ಗದ ಲಾಳಿಯೊಳಗಿಡುವ ನೂಲಿನ ಸಣ್ಣ ಕೊಳವೆ, ಅದನ್ನು ಸುತ್ತುವ ಕೆಲಸ. ಗೋಡೆಯಾಚೆಯ ಸದ್ದಿನ ನಡುವೆಯೂ ಆ ರಾಟೆಯ ಕಿರುಗುಡುವಿಕೆ ನನಗೆ ಬೇರೆಯಾಗಿಯೇ ಕೇಳುತ್ತಿತ್ತು. ಶಿವನೇ, ಅದು ನಿಲ್ಲಲಿ ಎಂದು ಬೇಡುತ್ತಿದ್ದೆ.

ಮೂರನೇ ಬೆಳಿಗ್ಗೆ ಅದು ನಿಂತಿತು. ಸುಮತಿ ರಾಟೆಯ ಪಕ್ಕದಲ್ಲೇ ಮುದುಡಿ ಬಿದ್ದಿದ್ದಳು.

ಅವಳ ಗಂಡ ಎಲ್ಲಿಂದಲೋ ಒಂದು ಜೀಪು ತಂದ. ಸುಮತಿ ನನ್ನ ಸೆರಗು ಬಿಡಲಿಲ್ಲ. "ತವರ ಮನಿಯವರು ಒಬ್ಬರರೆ ಬೇಕಲ್ರೀ ಅತ್ತೀ, ಅಕ್ಕ ಬರ್ಲಿ" ಎಂದಳು. ಕಾಕು ನನ್ನ ಮುಖ ನೋಡದೆ, "ಹತ್ತು" ಎಂದರು. ಕೊಲ್ಹಾಪುರದ ದಾರಿಯುದ್ದಕ್ಕೂ ಕಬ್ಬು ಎರಡೂ ಕಡೆಯಿಂದ ಬಾಗಿ ಜೀಪನ್ನು ಸವರುತ್ತಿತ್ತು. ಅಂಬಾಬಾಯಿ ಗುಡಿಯ ಶಿಖರ ಕಂಡಾಗ ಕಾಕು ಕೈಯೆತ್ತಿ ಮುಗಿದರು.

ಸಂಜೆಗೆ ಮುಂಚೆ ಹೆರಿಗೆಯಾಯಿತು. ಹೆಣ್ಣು. ಅಂಗೈಯಷ್ಟಗಲ, ಉಸಿರು ಇದೆಯೋ ಇಲ್ಲವೋ ಎನ್ನುವಂತೆ. ನರ್ಸ್ ಹೊರಗೆ ಬಂದು, "ಬಾಳಾಚೆ ಕಪಡೆ ಕುಠೇ ಆಹೇತ?" ಎಂದಳು. ಕೂಸಿನ ಬಟ್ಟೆ ಎಲ್ಲಿ ಎಂದು. ತಲೆ ಬೆಚ್ಚಗಿರದಿದ್ದರೆ ಉಳಿಯುವುದಿಲ್ಲ ಎಂದಳು.

ಬಟ್ಟೆ ಎಲ್ಲಿಂದ ಬರಬೇಕು? ಹುಟ್ಟುವ ಮೊದಲು ಏನೂ ಮಾಡಿಡಬಾರದಲ್ಲ! ನಾವಿಬ್ಬರೂ ಬರಿಗೈಯಲ್ಲಿ ನಿಂತಿದ್ದೆವು. ನರ್ಸ್ ಬೈಯುತ್ತ ಒಳಗೆ ಹೋದಳು.

ಆಗ ಕಾಕು ಸೊಂಟದ ಚೀಲಕ್ಕೆ ಕೈಹಾಕಿದರು. ವಿಭೂತಿ, ಎಲೆ, ಅಡಿಕೆಯ ಅಡಿಯಿಂದ ಮಡಚಿದ ಬಟ್ಟೆ ಬಂತು. "ನಂದಿ ಇತ್ತಲ್ಲ, ಒಗದ ಬಿಡಾಕ ಕೈ ಬರಲಿಲ್ಲ" ಎಂದು ನನ್ನೆಡೆಗೆ ಚಾಚಿದರು. "ಹೊಲಿ."

"ನೀವ ಹೊಲೀರಿ ಕಾಕು. ನನ್ನ ಕೈಯಿಂದ ಬ್ಯಾಡ."

"ನನ್ನ ಕೈ ಹಿಂಗ ನಡಗಾಕತ್ತೈತಿ, ಕಾಣಂಗಿಲ್ಲೇನ ನಿನಗ? ಹೊಲೀವಾ. ಆಡಿದ್ದು ಆಡೀನಿ. ಆಮ್ಯಾಲ ಬೇಕಾದ್ರ ಜಗಳಾಡೂಣು."

ಕುಪ್ಪಸದ ಅಂಚಿಗೆ ಸದಾ ಸೂಜಿ ಚುಚ್ಚಿಕೊಂಡಿರುವುದು ನನ್ನ ರೂಢಿ. ದಾರಕ್ಕೆ ಸೆರಗಿನಿಂದ ಎಳೆ ಎಳೆದುಕೊಂಡೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಪಂಚಾಕ್ಷರಿ ಹೇಳುತ್ತ ಹೊಲಿದೆ, ನರ್ಸ್ ಒಯ್ದು ತೊಡಿಸಿದಳು. ಒಳಮೈಗೆ ಒಂದು ಗಂಟೂ ಇಲ್ಲದ್ದರಿಂದ ಆ ಎಳೆಯ ತಲೆಗೆ ಎಲ್ಲೂ ಚುಚ್ಚಲಿಲ್ಲ. ಕುಂಚಿಗೆ ಕೂಸಿನ ಪಾದ ದಾಟಿ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ಕಾಕು ಗೋಡೆಗೆ ಹಣೆಯಿಟ್ಟರು.

ಕೂಸು ಉಳಿಯಿತು. ಶಿವಲೀಲಾ ಎಂದು ಹೆಸರಿಟ್ಟರು, ಈಗ ಶಾಲೆಗೆ ಹೋಗುತ್ತಾಳೆ. ಆದರೆ ಗಟ್ಟಿಯಾಗಿ ಉಳಿದಿದ್ದಾಳೆ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಅರಳೆಯ ಧೂಳು ಅವಳಿಗೆ ಆಗುವುದಿಲ್ಲ. ಚಳಿ ಬಿತ್ತೆಂದರೆ ಎದೆ ಗೊರಗುಡುತ್ತದೆ, ತುಟಿ ನೀಲಿಯಾಗುತ್ತದೆ. ಅಂಗಳದ ತುದಿಯ ನನ್ನ ಖೋಲಿಗೆ ಕಿಟಕಿಯಿಲ್ಲ, ಧೂಳು ಬರುವುದಿಲ್ಲ, ಬಾಗಿಲಲ್ಲಿ ಬಿಸಿಲು ಬೀಳುತ್ತದೆ, ಹಾಗಾಗಿ ಅವಳ ಚಳಿಗಾಲವೆಲ್ಲ ನನ್ನ ಬಳಿಯೇ, ತಾಯಿಯ ಅಕ್ಕನೆಂಬಂತೆ ನನ್ನನ್ನು 'ಮಾವಶಿ' ಎನ್ನುತ್ತಾಳೆ. ತಾಯಿಯ ತವರಿಗೆ ಇಲ್ಲಿ 'ಆಜೋಳ' ಎನ್ನುತ್ತಾರೆ. ಗಡಹಿಂಗ್ಲಜದ ಮನೆಗೆ ಕಾಕು ಇನ್ನೂ ಕಳಿಸುವುದಿಲ್ಲ. ಹುಡುಗಿ ಹಾಸಿಗೆ ಎತ್ತಿಕೊಂಡು, "ಆಜೋಳಕ್ಕ ಹೊಂಟೇನಿ" ಎಂದು ಅಂಗಳ ದಾಟಿ ಬರುತ್ತಾಳೆ. ನನಗೇ ತವರು ದೂರವಾದ ಊರಿನಲ್ಲಿ ನಾನು ಒಬ್ಬಳ ತವರಾದೆ.

ಹೋದ ವರ್ಷ ಗೋಕಾಕದ ಕಡೆ ನಮ್ಮ ಮನೆಯವರಿಗೆ ಕೆಲಸ ಸಿಕ್ಕಿತ್ತು, ಆದರೆ ನಾವು ಹೋಗಲಿಲ್ಲ. ಊರ ಕಡೆ ಕೆಲಸ ಸಿಗಲೆಂದು ಹರಕೆ ಹೊತ್ತಿದ್ದ ನಮ್ಮವ್ವ ಇನ್ನೂ ಕಾಯುತ್ತಿದ್ದಾಳೆ. ಊರಿಗೆ ಹೋದಾಗಲೆಲ್ಲ ಬಾಗಿಲಲ್ಲೇ, "ಮರಾಠಿ ಮಂದಿ ಬಂದ್ರ ನೋಡ್ರೆ!" ಎಂದು ತಮ್ಮನ ಹೆಂಡತಿ ನಗಿಸುತ್ತಾಳೆ; ಆಮೇಲೆ ಅವ್ವ ಒಬ್ಬಳೇ ಇದ್ದಾಗ ಕೇಳುತ್ತಾಳೆ, "ಯಾವಾಗ ಬರತೀ, ಕಾಯಂ ಆಗಿ?"

"ಈ ಚಳಿ ಒಂದ ಕಳೀಲಿ ಯವ್ವಾ" ಎನ್ನುತ್ತೇನೆ.

ಎಷ್ಟು ಚಳಿಗೆ ಹಾಗೆ ಹೇಳಿದೆನೋ. ಮೊನ್ನೆ ನಾನು ಗಂಟು ಕಟ್ಟುವುದನ್ನು ಕಂಡು ಶಿವಲೀಲಾ ಬಾಗಿಲಿಗೆ ಅಡ್ಡ ನಿಂತಳು. "ಮಾವಶಿ, ನೀ ಹ್ವಾದ್ರ ನನ್ನ ಆಜೋಳ ಎಲ್ಲಿ ಇರತೈತಿ?" ಅಷ್ಟು ಹೇಳುವುದಕ್ಕೇ ಅವಳಿಗೆ ದಮ್ಮು ಹತ್ತಿತು.

"ಎಂಟ ದಿನಕ್ಕ ಬರತೇನಿ" ಎಂದೆ. ಬಸ್ಸಿನ ಕಿಟಕಿಯಿಂದ ಕೊರಳು ಹೊರಚಾಚಿ ನೋಡಿದೆ. ಅವಳು ಕಾಕುವಿನ ಕೈಹಿಡಿದು ಕೆಮ್ಮುತ್ತ ನಿಂತಿದ್ದಳು. ಊರಲ್ಲಿ ಅವ್ವ ಹೊತ್ತ ಆ ಹರಕೆ ತೀರಿಸಿದೆ, ಅವ್ವನ ತಲೆ ಬಾಚಿದೆ. ಐದನೆಯ ದಿನವೇ ಗಂಟು ಕಟ್ಟಿದೆ. ಅವ್ವ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಒಲೆಯ ಮುಂದೆ ಕೂತವಳು ತಿರುಗಿಯೂ ನೋಡದೆ, "ಹೋಗಿ ಬಾ, ನಿಮ್ಮೂರಿಗೆ" ಎಂದಳು.